ದುಂಡಗಿನ ಅಕ್ಷರ

ಶುಕ್ರವಾರ ಹಡಗು ಬರುತ್ತಿತ್ತು. ಅದರಲ್ಲಿ
ಗೋಣಿ ತುಂಬ ಕಾಗದ, ಒಣಮೀನಿನ ವಾಸನೆ ಅಂಟಿದ್ದು.
ಹನ್ನೊಂದು ವರ್ಷ ಅವನ್ನು ಒಡೆದವಳು ನಾನು, ಜುಲ್ಮೀರಾ,
ಅಧ್ಯಕ್ಷರ ಬೆರಳಚ್ಚುಗಾರ್ತಿ.
ಅವರ ದನಿ ನನ್ನ ಬೆರಳಿಗಿಳಿದು ಅಲ್ಲೇ ಕೂತಿದೆ:
ಸಂತೆಯಲ್ಲಿ ಈರುಳ್ಳಿ ಕೊಳ್ಳುವಾಗಲೂ
‘ತಮ್ಮ ಸದಭಿಪ್ರಾಯಕ್ಕೆ ಋಣಿ’ ಅಂದುಬಿಡುತ್ತೇನೆ.

ಮಿತ್ರರದು ದಪ್ಪ ಕಾಗದ. ಬೆಳಕಿಗೆ ಹಿಡಿದರೆ
ಒಳಗೊಂದು ಕಿರೀಟ ತೊಟ್ಟ ಹದ್ದು.
ದೊಡ್ಡ ದೇಶದ ಮಂತ್ರಿ ‘ಪ್ರಿಯ ಸೋದರ’ ಎಂದು ಶುರುಮಾಡಿ
ಮೂರನೇ ಪುಟದ ಹೊತ್ತಿಗೆ
ನಮ್ಮ ಬಂದರು ಕೇಳುತ್ತಿದ್ದ.
ಇವರು ಕಿಟಕಿಯತ್ತ ತಿರುಗಿ ಹೇಳುವರು:
‘ಬರಿ ಜುಲ್ಮೀರಾ, ಸೋದರ ಎಂದು ಎರಡು ಸಲ ಬರಿ,
ಬಂದರಿನ ಸಾಲು ಬಿಟ್ಟುಬಿಡು.’
ಆ ಬಿಟ್ಟ ಸಾಲಿನ ಮೇಲೆ
ಆರು ವರ್ಷ ತೇಲಿತು ನಮ್ಮ ದೇಶ.

ಬೆಂಬಲಿಗರು ಕಾಗದವನ್ನಷ್ಟೇ ಕಳಿಸಿದವರಲ್ಲ.
ಮೇಕೆಹಾಲಿನ ಗಿಣ್ಣು, ಹೆಣೆದ ಕಾಲುಚೀಲ,
ಅವರದೇ ಹೆಸರಿಟ್ಟ ಕೂಸುಗಳ ಫೋಟೋ.
ನಲವತ್ತೇಳು ಬೆಲಾರ್ಮಿನೊಗಳು, ನಾನು ಎಣಿಸಿದ್ದು.
ಒಬ್ಬ ತಾಯಿ ಕೇಳಿದ್ದಳು: ನನ್ನ ಬೆಲಾರ್ಮಿನೊ ತೊದಲುತ್ತಾನೆ,
ಚಿಕ್ಕಂದಿನಲ್ಲಿ ನೀವೂ ಹಾಗೆಯೇ?
ಹೌದು ಎಂದು ಬರೆಸಿದರು. ಸುಳ್ಳು.
ಕಾರ್ಬನ್ ಹಾಳೆಗೆ ಭೇದವಿಲ್ಲ,
ಸುಳ್ಳನ್ನೂ ನಿಜವನ್ನೂ ಒಂದೇ ನೀಲಿಯಲ್ಲಿ ಇಳಿಸಿಕೊಳ್ಳುತ್ತದೆ.

ಬೈಯುವವರಿಗೆ ಮೂರು ಸಿದ್ಧ ಉತ್ತರಗಳಿದ್ದವು.
ಇತಿಹಾಸ ಕ್ಷಮಿಸದು ಎಂದು ಗುಡುಗುವ ವಕೀಲ ಟೆಯೊಫಿಲೊಗೆ
ಎರಡನೆಯದು, ಯಾವಾಗಲೂ.

ಆದರೆ ಪೊಂಟಾ ಸೆಕಾದ ಇಲ್ಡೆಬ್ರಾಂಡಾ,
ಮೀನಿಗೆ ಉಪ್ಪು ಸವರುವ ಹೆಂಗಸು,
ಮಗುವಿನ ನೋಟುಬುಕ್ಕಿನ ಹಾಳೆ ಹರಿದು ಬರೆದಳು:
‘ಅಧ್ಯಕ್ಷರೇ, ಕಟ್ಟೆಯ ಕ್ರೇನು ಮುರಿದಿದೆ.
ದೋಣಿಗಳನ್ನು ಗಂಡಸರು ಬೆನ್ನು ಕೊಟ್ಟು ಎಳೆಯುತ್ತಾರೆ.
ನನ್ನ ತಮ್ಮ ಇನ್ನು ಏಳಲಾರ.
ನಿಮ್ಮ ಬೆನ್ನು ಹೇಗಿದೆ?’
ಅಷ್ಟೇ. ಒಂದು ನಮಸ್ಕಾರವೂ ಇಲ್ಲ.

ಆ ದಿನ ನನ್ನನ್ನು ಹೊರಗೆ ಕಳಿಸಿ
ಬಾಗಿಲು ಹಾಕಿಕೊಂಡು ಕೈಯಾರೆ ಬರೆದರು.
ಪ್ರತಿಯಿಲ್ಲ, ನಂಬರಿಲ್ಲ,
ಲಕೋಟೆಯ ಅಂಟಿಗೆ ನಾಲಿಗೆಯೂ ಅವರದೇ.
ಹೀಗೆ ಒಂಬತ್ತು ಪತ್ರ. ಒಂಬತ್ತನೆಯದಕ್ಕೆ ಅವಳ ಮಾರುತ್ತರ:
‘ನಿಮ್ಮ ಅಕ್ಷರ ದುಂಡಗಿದೆ.
ಕ್ರೇನು ಸೊಟ್ಟಗೇ ಇದೆ.’

ಅದನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು
ಪರದೇಶದ ಔತಣಗಳಿಗೆ ಹೋಗಿಬಂದರು.
ಮಡಿಕೆ ಸವೆದು ಹಾಳೆ ನಾಲ್ಕು ಚೂರಾಯಿತು, ಅಂಟಿಸಿಕೊಟ್ಟೆ.
ಕ್ರೇನು ರಿಪೇರಿ ಮಾಡಿಸಲಿಲ್ಲ.

ಹಣವಿರಲಿಲ್ಲವೇನೋ ಅಂದುಕೊಂಡಿದ್ದೆ.
ಆಮೇಲೆ ಕಡತ ಕಟ್ಟುವಾಗ ನೋಡಿದೆ, ಇತ್ತು.
ಅದೇ ವರ್ಷ ಅರಮನೆಯ ಮೆಟ್ಟಿಲಿಗೆ
ಅಮೃತಶಿಲೆ ಬಂದಿತ್ತು.
ಕ್ರೇನು ನೆಟ್ಟಗಾದರೆ ಪತ್ರ ನಿಂತೀತೆಂಬ ಭಯವೇ?
ಮನುಷ್ಯ ತನ್ನ ಏಕೈಕ ನಿಜದ ಓಲೆಗಾಗಿ
ಒಂದೂರಿನ ಬೆನ್ನು ಮುರಿಸುತ್ತಾನೆಯೇ?
ಗೊತ್ತಿಲ್ಲ. ಅವರಿಗಾಗಿ ನಾನು ಅತ್ತದ್ದೂ ನಿಜ.

ಸೋತರು. ಎರಡು ಪೆಟ್ಟಿಗೆ, ಒಂದು ಕೊಡೆ.
ಮುಂದಿನ ಶುಕ್ರವಾರದ ಹಡಗಿನಲ್ಲೇ ಹದ್ದು ಬಂತು:
‘ಪ್ರಿಯ ಸೋದರ’, ಹೊಸಬರಿಗೆ.
ಗೋಣಿಯ ತಳದಲ್ಲಿ ನೋಟುಬುಕ್ಕಿನ ಹಾಳೆ:
‘ಅಧ್ಯಕ್ಷರೇ, ನೀವು ಯಾರಾದರೂ ಸರಿ,
ಕ್ರೇನು.’

ಯಾವ ತಟ್ಟೆಗೆ ಹಾಕಲಿ ಇದನ್ನು?
ಮಧ್ಯಾಹ್ನ ಎಲ್ಲರೂ ಉಣ್ಣಲು ಹೋದಾಗ
ಲೋಕೋಪಯೋಗಿ ಇಲಾಖೆಗೆ ನಾಲ್ಕು ಸಾಲು ಹೊಡೆದೆ,
ವಿಶೇಷಣವಿಲ್ಲದೆ, ಋಣಿ ಎನ್ನದೆ.
ಹೊಸಬರು ಓದದೆ ಸಹಿ ಹಾಕುವ ವಾರವದು.
ಮೂವತ್ತು ಅಭಿನಂದನೆಗಳ ನಡುವೆ ಅದನ್ನೂ ತೂರಿಸಿದೆ.

ಪೆನ್ನು ಬಂತು, ಒಂದು ಕ್ಷಣ ತಡೆಯಿತು,
ಇಂಕು ಕಡಿಮೆಯಾಗಿತ್ತು, ಅಷ್ಟೇ. ಮುಂದೆ ಹೋಯಿತು.

ಅದಕ್ಕೆ ನಾನು ಕಾರ್ಬನ್ ಹಾಕಿರಲಿಲ್ಲ.